ಹಾಡು ಕಲಿಸೋಕೆ ಬಂದವರು, ಹಾಡು ಕಲಿಯೋಕೆ ಕೂತವರು

 

ಈ ಸಂಚಿಕೆ ಚರ್ಚಿನ ಹಾಡಿನ ಬಗ್ಗೆ. ನಾನು ಚರ್ಚಿಗೆ ಹೋಗುವ ಮನೆಯವನಲ್ಲ. ಕೊಂಕಲ್ ಕಡೆ ಭಜನೆಯಲ್ಲಿ ತಾಳ ಹಾಕ್ತಾ ಬೆಳೆದವನು. ಆದರೆ ಡಿಸೆಂಬರ್ ಬಂತಂದ್ರೆ ಕ್ರಿಸ್ಮಸ್ ಹಾಡಿನ ಮೇಳ ನಮ್ಮ ಓಣಿ ಮುಂದೇನೂ ಹಾದು ಹೋಗುತ್ತೆ. ಅವರ ಕೆಲವು ಹಾಡಿನ ಧಾಟಿ ಕೇಳಿದಾಗ, ಅರೇ, ಇದು ನಮ್ಮ ಭಜನೆಯ ಧಾಟಿ ಅಲ್ವಾ ಅನ್ನಿಸುತ್ತೆ. ಇನ್ನು ಕೆಲವು ಹಾಡು ಎಲ್ಲೋ ಸಮುದ್ರದಾಚೆಯಿಂದ ಬಂದ ಹಾಗಿರುತ್ತೆ. ಒಂದೇ ಮೇಳ, ಒಂದೇ ರಾತ್ರಿ, ಎರಡು ಲೋಕ. ಇದು ಹೇಗಾಯ್ತು, ಯಾರು ಯಾರಿಂದ ಏನು ಕಲಿತರು ಅಂತ ಹುಡುಕ್ತಾ ಹೋದೆ. ಸಿಕ್ಕಿದ್ದನ್ನ ಹೇಳ್ತೀನಿ.

ಮೊದಲು ಪೇಟಿ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಾರೆ, ನಿಮಗೆ ಗೊತ್ತೇ ಇದೆ. ಶ್ರಾವಣದ ಭಜನೆಗೆ ಪೇಟಿ, ಮಠದ ಪುರಾಣಕ್ಕೆ ಪೇಟಿ, ಬಯಲಾಟಕ್ಕೆ ಪೇಟಿ, ಉರುಸಿನ ಕವ್ವಾಲಿಗೆ ಪೇಟಿ, ಭಾನುವಾರ ಚರ್ಚಿನ ಆರಾಧನೆಗೂ ಅದೇ ಪೇಟಿ. ಇದು ಪರದೇಶದ ವಾದ್ಯ ಅಂತ ಯಾರೂ ತಕರಾರು ಮಾಡಲ್ಲ. ಆದರೆ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1840ರ ಸುಮಾರಿಗೆ, ಅಲೆಕ್ಸಾಂಡರ್ ದೆಬೆನ್ ಅನ್ನೋರ ಕೈಯಲ್ಲಿ. ಕಾಲಿನಿಂದ ತುಳಿದು ನುಡಿಸೋ ಆ ವಾದ್ಯವನ್ನ ಸಾಹೇಬರೂ ಮಿಷನರಿಗಳೂ ಇಲ್ಲಿಗೆ ತಂದರು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನ ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದು ಕೈಯಲ್ಲಿ ನುಡಿಸೋ ಹಾಗೆ ಮಾಡಿದರು. ನಮ್ಮ ದೇಶದಲ್ಲಿ ಹಾಡೋರು ನೆಲದ ಮೇಲೆ ಕೂರ್ತಾರೆ, ವಾದ್ಯವೂ ಕೆಳಗೆ ಬಂದು ಕೂತಿತು. ಮಜಾ ಏನಂದ್ರೆ 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತ್ತು. ನಮ್ಮ ಸಂಗೀತದ ಸೂಕ್ಷ್ಮ ಶ್ರುತಿ ಇದರಲ್ಲಿ ಬರಲ್ಲ ಅನ್ನೋದು ವಾದ. ವಾದ ಪೂರ್ತಿ ಸುಳ್ಳೇನಲ್ಲ. ಆದರೆ ರೇಡಿಯೋ ಬಿಟ್ಟರೂ ಭಜನಾ ಮಂಡಳಿಗಳು ಪೇಟಿ ಬಿಡಲಿಲ್ಲ.

ಅದಕ್ಕೇ ಹೇಳೋದು, ಈ ಧಾಟಿ ನಮ್ಮದು ಆ ಧಾಟಿ ನಿಮ್ಮದು ಅಂತ ಯಾರಾದರೂ ಗೆರೆ ಎಳೆಯೋಕೆ ಹೊರಟರೆ, ಎದುರಿಗಿರೋ ಪೇಟಿಯನ್ನ ಒಂದ್ಸಲ ನೋಡಿ.

ಈಗ ಚರ್ಚಿನೊಳಗೆ ಹೋಗೋಣ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದಿದ್ದು 1834ರಲ್ಲಿ. ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಅಂತ ಉತ್ತರ ಕರ್ನಾಟಕಕ್ಕೂ ಹರಡಿತು. ಬಂದವರು ಜರ್ಮನ್ನರು, ಸ್ವಿಸ್ಸರು. ಅವರು ತಮ್ಮ ಜೊತೆ ತಮ್ಮ ಊರಿನ ಕೀರ್ತನೆಗಳನ್ನೂ ತಂದರು. ರಾಗ ಹಾಗೇ ಇಟ್ಟುಕೊಂಡು ಮಾತನ್ನ ಮಾತ್ರ ಕನ್ನಡಕ್ಕೆ ತಿರುಗಿಸಿದರು.

ಇಲ್ಲೇ ಒಂದು ಸಮಸ್ಯೆ ಇದೆ, ಸ್ವಲ್ಪ ಬಿಡಿಸಿ ಹೇಳ್ತೀನಿ. ಜರ್ಮನ್ ಭಾಷೆಯ ನಡಿಗೆ ಒತ್ತಿನ ಮೇಲೆ. ಒಂದು ಅಕ್ಷರಕ್ಕೆ ಒಂದು ಸ್ವರ, ಜೋರಾಗಿ ಒಂದು, ಮೆಲ್ಲಗೆ ಒಂದು. ನಮ್ಮ ಕನ್ನಡದ ನಡಿಗೆ ಮಾತ್ರೆಯ ಮೇಲೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಅದು ತಪ್ಪಿದರೆ ಶಬ್ದವೇ ಬದಲಾಗಿ ಬಿಡುತ್ತೆ. ಉದಾಹರಣೆಗೆ 'ನಿನ್ನ ಬಲ' ಅಂತ ದೇವರನ್ನ ಹೊಗಳ್ತಾ ಇದೀರಿ ಅಂತಿಟ್ಟುಕೊಳ್ಳಿ. ರಾಗ ಅಲ್ಲಿ 'ಬ' ಅಕ್ಷರವನ್ನ ಎಳೆಯೋಕೆ ಹೇಳಿದರೆ ಅದು 'ನಿನ್ನ ಬಾಲ' ಆಗುತ್ತೆ. ದೇವರಿಗೆ ಬಾಲ ಬಂತು! 'ದೇವ' ಅನ್ನೋದನ್ನ ಕುಗ್ಗಿಸಿ ಹಿಂದಿನ ಅಕ್ಷರಕ್ಕೆ ಒತ್ತು ಕೊಟ್ಟರೆ 'ದೆವ್ವ'ದ ಹತ್ತಿರ ಹೋಗುತ್ತೆ. ನಗು ಬರುತ್ತೆ, ಆದರೆ ಹಾಡೋರ ನಾಲಿಗೆಗೆ ಇದು ಸಣ್ಣ ತೊಂದರೆ ಅಲ್ಲ. ಅಕ್ಷರ ಬಾರದವರು ಅಂಥಾ ಹಾಡನ್ನ ಪುಸ್ತಕ ನೋಡದೆ ನೆನಪಿಟ್ಟುಕೊಳ್ಳೋದು ಕಷ್ಟ. ನಮ್ಮ ಭಜನೆ ಹಾಗಲ್ಲ. ಒಬ್ಬರು ಮುಂದೆ ಹೇಳ್ತಾರೆ, ಉಳಿದವರು ಹಿಂದೆ ಹೇಳ್ತಾರೆ. ಪಲ್ಲವಿ ಮತ್ತೆ ಮತ್ತೆ ಬರುತ್ತೆ. ಮೂರನೇ ಸಲಕ್ಕೆ ದಾರಿಯಲ್ಲಿ ಹೋಗೋನೂ ಸೇರಿಕೊಳ್ತಾನೆ. ಪುಸ್ತಕ ಬೇಡ, ಬೆಂಚು ಬೇಡ.

ಬಂದವರಲ್ಲಿ ಎಲ್ಲರೂ ಬರೀ ಕಲಿಸೋಕೇ ನಿಂತವರಲ್ಲ. ಹೆರ್ಮನ್ ಮೊಗ್ಲಿಂಗ್ ಹೆಸರು ನೀವು ಪತ್ರಿಕಾ ದಿನಾಚರಣೆಯಲ್ಲಿ ಕೇಳಿರ್ತೀರಿ. 1843ರಲ್ಲಿ 'ಮಂಗಳೂರ ಸಮಾಚಾರ' ತಂದವರು. ಅದೇ ಮೊಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನ ಸಂಗ್ರಹಿಸಿ ಮಂಗಳೂರಿನ ಮಿಷನ್ ಛಾಪಖಾನೆಯಲ್ಲಿ ಅಚ್ಚು ಹಾಕಿಸಿದರು. ಬಸವಪುರಾಣ, ಜೈಮಿನಿ ಭಾರತ ಕೂಡ ಅದೇ ಮಾಲೆಯಲ್ಲಿ ಬಂದವು. ಖರ್ಚು ಕೊಟ್ಟವರು ಕ್ಯಾಸಮೇಜರ್ ಅನ್ನೋ ಒಬ್ಬ ನಿವೃತ್ತ ನ್ಯಾಯಾಧೀಶರು. ಯೋಚನೆ ಮಾಡಿ. ಏಸುವಿನ ಸುದ್ದಿ ಹೇಳೋಕೆ ಬಂದ ಮನುಷ್ಯ, ಪುರಂದರದಾಸರ ಪದಗಳನ್ನ ಕೂತು ಬರೆಸಿಕೊಂಡು ಅಚ್ಚು ಹಾಕಿಸ್ತಾರೆ. ಇಲ್ಲಿಯ ಜನರ ಮನಸ್ಸು ತಿಳಿಯಬೇಕು ಅನ್ನೋ ಉದ್ದೇಶ ಅದರಲ್ಲಿತ್ತು, ಮುಂದೆ ಅವರನ್ನ ತಮ್ಮ ಕಡೆ ಒಲಿಸಬೇಕು ಅನ್ನೋ ಉದ್ದೇಶವೂ ಇತ್ತು. ಅದನ್ನ ಮುಚ್ಚಿಡೋದು ಬೇಡ. ಆದರೆ ಉದ್ದೇಶ ಏನೇ ಇರಲಿ, ಪದ ಹೇಳಿಕೊಡೋರ ಮುಂದೆ ಕೂತಾಗ ನೀವು ಶಿಷ್ಯ. ಆ ಜಾಗದಲ್ಲಿ ಕೂತ ಮೇಲೆ ಮನುಷ್ಯ ಸ್ವಲ್ಪ ಬದಲಾಗ್ತಾನೆ.

ಫರ್ಡಿನಂಡ್ ಕಿಟೆಲ್ ಅಂದರೆ ನಮಗೆ ನಿಘಂಟು. 1894ರಲ್ಲಿ ಬಂದ ಆ ದಪ್ಪ ಪುಸ್ತಕ. ಆದರೆ ಅದಕ್ಕೂ 32 ವರ್ಷ ಮೊದಲು, 1862ರಲ್ಲಿ, ಕಿಟೆಲ್ 'ಕಥಾಮಾಲೆ' ಅಂತ ಒಂದು ಕಾವ್ಯ ಬರೆದರು. ಏಸುವಿನ ಬದುಕಿನ ಕಥೆ, ನಮ್ಮ ಛಂದಸ್ಸಿನಲ್ಲಿ. ನಮ್ಮವರು ಹೇಗೆ ಕಾವ್ಯ ಓದ್ತಾರೆ, ಹೇಗೆ ರಾಗವಾಗಿ ಹೇಳ್ತಾರೆ ಅಂತ ಕಿವಿಗೊಟ್ಟು ಕೇಳಿ ಬರೆದದ್ದು. ಆಮೇಲೆ ನಾಗವರ್ಮನ 'ಛಂದೋಂಬುಧಿ'ಯನ್ನ 1875ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಅಂದರೆ ಜರ್ಮನ್ ರಾಗಕ್ಕೆ ಕನ್ನಡ ಮಾತು ತುರುಕೋ ಬದಲು, ಕನ್ನಡದ ಮಾತ್ರೆ ಹೇಗೆ ನಡೆಯುತ್ತೆ ಅಂತ ಬುಡದಿಂದ ಕಲಿತರು. ಮಿಷನರಿಯಾಗಿ ಕಿಟೆಲ್‌ಗೆ ದೊಡ್ಡ ಯಶಸ್ಸೇನೂ ಸಿಗಲಿಲ್ಲ. ಕನ್ನಡಿಗರ ಮನೆಯಲ್ಲಿ ಮಾತ್ರ ಅವರ ಹೆಸರು ಉಳಿಯಿತು. ಮಿಷನ್ನಿನ ಲೆಕ್ಕದಲ್ಲಿ ನಷ್ಟ, ನಮ್ಮ ಲೆಕ್ಕದಲ್ಲಿ ಲಾಭ. ಬಿ.ಕಾಂ ಓದಿದವನ ಬುದ್ಧಿ ಹೀಗೇ, ಎಲ್ಲದರಲ್ಲೂ ಜಮಾ ಖರ್ಚು ನೋಡುತ್ತೆ.

ಇದಕ್ಕೂ ಇನ್ನೂರೈವತ್ತು ವರ್ಷ ಹಿಂದೆ ಗೋವಾದಲ್ಲಿ ಇಂಥದ್ದೇ ಒಂದು ನಡೆದಿತ್ತು. ಥಾಮಸ್ ಸ್ಟೀಫನ್ಸ್ ಅನ್ನೋ ಇಂಗ್ಲಿಷ್ ಪಾದ್ರಿ. ಹೊಸದಾಗಿ ಕ್ರೈಸ್ತರಾದ ಜನ, ಮೊದಲು ನಮಗೆ ಪುರಾಣ ಇತ್ತು, ಕೂತು ಕೇಳೋಕೆ ಕಥೆ ಇತ್ತು, ಈಗ ಅದಿಲ್ಲ ಅಂತ ಕೊರಗ್ತಾ ಇದ್ದರು. ಸ್ಟೀಫನ್ಸ್ ಅದನ್ನ ಕೇಳಿಸಿಕೊಂಡರು. 1616ರಲ್ಲಿ 'ಕ್ರಿಸ್ತ ಪುರಾಣ' ಅಚ್ಚಾಯಿತು. ಮರಾಠಿಯಲ್ಲಿ, ಕೊಂಕಣಿ ಬೆರೆಸಿ, ಸುಮಾರು 11 ಸಾವಿರ ಓವಿಗಳು. ಓವಿ ಅಂದರೆ ಸಂತ ಜ್ಞಾನೇಶ್ವರರು ಬಳಸಿದ ಪದ್ಯ. ಹೆಂಗಸರು ಬೀಸೋ ಕಲ್ಲಿನ ಮುಂದೆ ಹಾಡಿಕೊಳ್ಳೋ ಪದ್ಯ. ಮಂಗಳೂರು ಕಡೆಯ ಕ್ರೈಸ್ತ ಮನೆಗಳಲ್ಲೂ ಅದನ್ನ ಬಹಳ ಕಾಲ ಓದ್ತಾ ಹಾಡ್ತಾ ಇದ್ದರು. 1907ರಲ್ಲಿ ಮಂಗಳೂರಿನಲ್ಲೇ ಮತ್ತೆ ಅಚ್ಚು ಹಾಕಿಸಿದರು. ಇಲ್ಲಿ ನನಗೆ ಹಿಡಿಸಿದ್ದು ಒಂದೇ ವಿಷಯ. ಬೇಕು ಅಂತ ಕೇಳಿದವರು ಜನ. ಮೇಲಿನಿಂದ ಯಾರೋ ನಿಮ್ಮ ಸಂಸ್ಕೃತಿ ಇದು, ಹೀಗೆ ಹಾಡಿ ಅಂತ ಹೇಳಿದ್ದಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು ನಮ್ಮ ಭಾಗ. ಯಾದಗಿರಿ, ಶಹಾಪುರ, ಸುರಪುರ ಎಲ್ಲಾ 1948ರವರೆಗೆ ನಿಜಾಮರ ಸಂಸ್ಥಾನ. ಇಲ್ಲಿ ಹಳ್ಳಿ ಹಳ್ಳಿಗೆ ಬಂದವರಲ್ಲಿ ಅಮೆರಿಕದ ಮೆಥೋಡಿಸ್ಟರು ಮುಖ್ಯ. ಬೀದರ್, ಯಾದಗಿರಿ ಕಡೆ ಅವರ ಸಭೆಗಳು ಈಗಲೂ ಇವೆ. ಮೆಥೋಡಿಸ್ಟರ ಮೂಲದಲ್ಲೇ ಹಾಡಿದೆ. ಚಾರ್ಲ್ಸ್ ವೆಸ್ಲಿ ಬರೆದ ಕೀರ್ತನೆಗಳೇ 6 ಸಾವಿರಕ್ಕೂ ಹೆಚ್ಚು. ಇಲ್ಲಿಂದ ಕೃಷ್ಣಾ ದಾಟಿ ರಾಯಚೂರು ಜಿಲ್ಲೆಗೆ ಹೋದರೆ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದ ಬಂದ ಕ್ಯಾಥೊಲಿಕರಿದ್ದಾರೆ. ಅದೇ ಮುದಗಲ್ಲಿನ ಮೊಹರಂ ನಾಡಿಗೆಲ್ಲ ಹೆಸರುವಾಸಿ.

ಆದರೆ ಇಂಗ್ಲಿಷ್ ಕೀರ್ತನೆ ಹಿಡಿದು ಬಂದವರು ಯಾವ ಊರಿಗೆ ಬಂದರು ನೋಡಿ. ತಿಂಥಣಿ ಮೌನೇಶ್ವರನ ಜಾತ್ರೆಗೆ ಹಿಂದೂಗಳೂ ಮುಸ್ಲಿಮರೂ ಹೋಗೋ ಸೀಮೆ. ಕೊಡೇಕಲ್ ಬಸವಣ್ಣನ ಸೀಮೆ. ಕಡಕೋಳ ಮಡಿವಾಳಪ್ಪನ ತತ್ವಪದಗಳನ್ನ ಏಕತಾರಿ ಹಿಡಿದು ರಾತ್ರಿಯಿಡೀ ಹಾಡೋ ಸೀಮೆ. ಒಂದೂ ಮುಸ್ಲಿಂ ಮನೆ ಇಲ್ಲದ ಊರಿನಲ್ಲೂ ಅಲಾಯಿ ದೇವರು ಕೂರಿಸಿ ಮೊಹರಂ ಪದ ಹಾಡ್ತಾರೆ. ಇಂಥಾ ಕಡೆ ದೇವರ ಹೆಸರು ಬದಲಾದ ಮಾತ್ರಕ್ಕೆ ಕೊರಳು ಬದಲಾಗಲ್ಲ. ಹಗಲು ಚರ್ಚಿನಲ್ಲಿ ಪುಸ್ತಕದ ಕೀರ್ತನೆ ಹಾಡಿದವರು, ರಾತ್ರಿ ಮನೆ ಮುಂದೆ ಪ್ರಾರ್ಥನೆ ಕೂಟದಲ್ಲಿ ದಮಡಿ, ತಾಳ ತಗೊಂಡು ಭಜನೆ ಧಾಟಿಯಲ್ಲೇ ಏಸುವಿನ ಪದ ಹೇಳಿದರು. ಯಾವ ಸಭೆಯ ಹಿರಿಯರನ್ನ ಮಾತಾಡಿಸಿದರೂ ಈ ಎರಡು ಬಗೆಯ ಹಾಡನ್ನ ಬೇರೆ ಬೇರೆ ಹೆಸರಿಟ್ಟು ಕರೀತಾರೆ. ಒಬ್ಬ ಅಜ್ಜಿ ನನಗೆ ಹೇಳಿದ ಮಾತು: "ಪುಸ್ತಕದ ಹಾಡಿಗೆ ಎದ್ದು ನಿಂದರಬೇಕು ತಮ್ಮಾ, ನಮ್ಮ ಹಾಡಿಗೆ ಕುಂತರ ನಡೀತದ." ಇದಕ್ಕಿಂತ ಚೆನ್ನಾಗಿ ಸಂಗೀತ ಶಾಸ್ತ್ರ ಯಾರು ಹೇಳ್ತಾರೆ!

ನೆರೆಯ ಮರಾಠಿ ನಾಡಿನಲ್ಲಿ ಇದೇ ಕೆಲಸವನ್ನ ಒಬ್ಬ ದೊಡ್ಡ ಕವಿ ಮಾಡಿದರು. ನಾರಾಯಣ ವಾಮನ ಟಿಳಕ್, 1895ರಲ್ಲಿ ಕ್ರೈಸ್ತರಾದ ಬ್ರಾಹ್ಮಣರು. ತುಕಾರಾಮರ ದಾರಿಯಲ್ಲೇ ಏಸುವಿನ ಹತ್ತಿರ ಬಂದೆ ಅನ್ನೋ ಭಾವದವರು. ಅಭಂಗದಲ್ಲಿ ಬರೆದರು, ಕೀರ್ತನ ಮಾಡಿದರು. ತೆಲುಗಿನಲ್ಲಿ ಪುರುಷೋತ್ತಮ ಚೌಧರಿ. ಹೀಗೆ ಗಡಿಯಾಚೆ ಎರಡೂ ಕಡೆ ಇದ್ದ ಹಾಡುಗಳು ನಮ್ಮ ಕಡೆಗೂ ಹರಿದು ಬಂದವು. ಯಾಕೆಂದರೆ ನಮ್ಮದು ಗಡಿ ಸೀಮೆ. ವಾಡಿ, ತಾಂಡೂರು, ವಿಕಾರಾಬಾದ್ ರೈಲು ದಾರಿಯಲ್ಲಿ ಧಾರೂರು ಅಂತ ಒಂದು ಊರಿದೆ, ತೆಲಂಗಾಣದಲ್ಲಿ. ಅಲ್ಲಿ ಮೆಥೋಡಿಸ್ಟರ ಜಾತ್ರೆ ಸುಮಾರು ನೂರು ವರ್ಷದಿಂದ ನಡೀತಾ ಬಂದಿದೆ. ಹೌದು, ಜಾತ್ರೆ ಅಂತಲೇ ಕರೀತಾರೆ. ಬಯಲಲ್ಲಿ ಗುಡಾರ, ಅಲ್ಲೇ ಅಡುಗೆ, ರಾತ್ರಿಯಿಡೀ ಹಾಡು. ತೆಲುಗರು, ಕನ್ನಡದವರು, ಮರಾಠಿಯವರು ಒಟ್ಟಿಗೆ. ಅಲ್ಲಿಂದ ವಾಪಸ್ ಬರೋರ ಬಾಯಲ್ಲಿ ಒಂದೆರಡು ಹೊಸ ಹಾಡು ಬಂದೇ ಬರುತ್ತೆ, ಮಾತು ಅರ್ಧ ತೆಲುಗು ಅರ್ಧ ಕನ್ನಡ.

ಈಗಿನ ಹುಡುಗರಿಗೆ ಧಾರೂರಿಗೆ ಹೋಗೋದೇ ಬೇಕಿಲ್ಲ. ಯೂಟ್ಯೂಬ್ ಇದೆ. ತೆಲುಗು ಕ್ರೈಸ್ತ ಹಾಡುಗಳ ದೊಡ್ಡ ಲೋಕವೇ ಅಲ್ಲಿದೆ, ಕೀಬೋರ್ಡು, ರಿದಮ್ ಪ್ಯಾಡು, ಡ್ರೋನ್ ಶಾಟು ಎಲ್ಲಾ ಸೇರಿ. ನಮ್ಮ ಹುಡುಗರು ಆ ಹಾಡನ್ನ ಕನ್ನಡ ಲಿಪಿಯಲ್ಲಿ ಬರ್ಕೊಂಡು, ಟ್ರ್ಯಾಕ್ ಹಾಕ್ಕೊಂಡು ಹಾಡ್ತಾರೆ. ಹಳಬರಿಗೆ ಬೇಸರ. ನನಗೆ ಅಷ್ಟು ಬೇಸರ ಇಲ್ಲ. ನೂರು ವರ್ಷದ ಹಿಂದೆ ರೈಲಿನಲ್ಲಿ ಬರ್ತಾ ಇದ್ದ ಹಾಡು ಈಗ ಡೇಟಾದಲ್ಲಿ ಬರ್ತಾ ಇದೆ. ಒಂದೇ ವ್ಯತ್ಯಾಸ ಕಾಣುತ್ತೆ. ಜಾತ್ರೆಯಲ್ಲಿ ಹಾಡು ಕಲಿಸಿದವನ ಜೊತೆ ಕೂತು ಊಟ ಮಾಡಬೇಕಿತ್ತು, ಯಾವ ಊರು ಅಂತ ಕೇಳಬೇಕಿತ್ತು. ಟ್ರ್ಯಾಕ್ ಡೌನ್‌ಲೋಡ್ ಮಾಡೋಕೆ ಯಾರ ಪರಿಚಯವೂ ಬೇಡ.

ಇಲ್ಲಿವರೆಗೆ ಕೇಳಿದರೆ ಎಲ್ಲಾ ಸಿಹಿ ಸಿಹಿ ಅನ್ನಿಸಬಹುದು. ಹಾಗಿಲ್ಲ. ಎರಡು ಕಡೆ ಇದು ಕಹಿಯಾಗುತ್ತೆ.

ಮೊದಲನೇದು ಅನುಮಾನ. ಭಜನೆ ಧಾಟಿಯಲ್ಲಿ ಏಸುವಿನ ಪದ ಹಾಡಿದರೆ, ಇದು ನಮ್ಮವರನ್ನ ಸೆಳೆಯೋ ಬಲೆ ಅಂತ ಕೆಲವರಿಗೆ ಅನ್ನಿಸುತ್ತೆ. 2018ರ ಆಗಸ್ಟ್‌ನಲ್ಲಿ ಚೆನ್ನೈನಲ್ಲಿ ಏನಾಯ್ತು ನೆನಪಿದೆಯಾ? ಕರ್ನಾಟಕ ಸಂಗೀತದ ಗಾಯಕ ಒ.ಎಸ್. ಅರುಣ್ ಏಸುವಿನ ಹಾಡುಗಳ ಕಚೇರಿ ಮಾಡಬೇಕಿತ್ತು. ಸೋಷಿಯಲ್ ಮೀಡಿಯಾದಲ್ಲಿ ಗದ್ದಲ ಎದ್ದು ಕಚೇರಿ ನಿಂತಿತು. ಅದಕ್ಕೆ ಉತ್ತರವಾಗಿ ಟಿ.ಎಂ. ಕೃಷ್ಣ, ಇನ್ನು ಮೇಲೆ ತಿಂಗಳಿಗೊಂದು ಏಸುವಿನ ಅಥವಾ ಅಲ್ಲಾಹುವಿನ ಹಾಡು ಬಿಡುಗಡೆ ಮಾಡ್ತೀನಿ ಅಂದರು. ಅಲ್ಲಿ ಮರೆತ ಒಂದು ವಿಷಯ ಏನಂದ್ರೆ, ತಂಜಾವೂರಿನಲ್ಲಿ ವೇದನಾಯಗಂ ಶಾಸ್ತ್ರಿಯಾರ್ ಅನ್ನೋ ಕ್ರೈಸ್ತ ಕವಿ ಎರಡು ಶತಮಾನದ ಹಿಂದೆಯೇ ಆ ಸಂಗೀತದಲ್ಲಿ ಏಸುವಿನ ಹಾಡು ಕಟ್ಟಿದ್ದರು. ರಾಜ ಸರಫೋಜಿಯೂ ಅವರೂ ಒಬ್ಬನೇ ಪಾದ್ರಿಯ ಹತ್ತಿರ ಓದಿದವರು. ಅಂದರೆ ಅದು ನಿನ್ನೆ ಮೊನ್ನೆ ಕದ್ದ ಮಾಲಲ್ಲ.

ನಮ್ಮ ರಾಜ್ಯದಲ್ಲೂ 2022ರಲ್ಲಿ ಮತಾಂತರ ತಡೆಯೋ ಕಾನೂನು ಬಂತು. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಅದನ್ನ ರದ್ದು ಮಾಡೋ ತೀರ್ಮಾನ ತಗೊಂಡಿತು. ರಾಜಕೀಯ ಬದಿಗಿಡಿ. ಆ ದಿನಗಳಲ್ಲಿ ಮನೆಯೊಳಗೆ ಹತ್ತು ಜನ ಕೂತು ಹಾಡಿದರೂ ಹೊರಗೆ ಯಾರು ವಿಡಿಯೋ ಮಾಡ್ತಾರೋ ಅನ್ನೋ ಹೆದರಿಕೆ ಕೆಲವು ಮನೆಗಳಲ್ಲಿತ್ತು ಅಂತ ನನಗೆ ಹೇಳಿದವರಿದ್ದಾರೆ. ಸಣ್ಣ ದನಿಯಲ್ಲಿ ಭಜನೆ ಹಾಡಿ ನೋಡಿ, ಅದು ಭಜನೆ ಅನ್ನಿಸೋದೇ ಇಲ್ಲ.

ಹಾಗಾದರೆ ಇದು ಬಲೆಯೋ ಬಾಂಧವ್ಯವೋ ಅಂತ ತಿಳಿಯೋದು ಹೇಗೆ? ನಾನು ನೋಡೋದು ಒಂದೇ, ಸಂಚಾರ ಎರಡೂ ಕಡೆ ಇದೆಯಾ? ನಮ್ಮ ಧಾಟಿ ತಗೊಂಡವರು ನಮ್ಮ ಪದ ಕೇಳೋಕೂ ಬರ್ತಾರಾ? ಯಾರ ಹತ್ತಿರ ಕಲಿತೆ ಅಂತ ಹೆಸರು ಹೇಳ್ತಾರಾ? ಬೇಡ ಅಂದರೆ ಬಿಟ್ಟು ಹೋಗ್ತಾರಾ? ಈ ಪರೀಕ್ಷೆಯಲ್ಲಿ ಪಾಸಾದ ಒಬ್ಬರ ಹೆಸರು ಹೇಳ್ತೀನಿ. ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಷನ್ನಿನ ಪಾದ್ರಿ. ಜನರ ಬಾಯಲ್ಲಿದ್ದ, ಓಲೆ ಕಡತಗಳಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನ ವರ್ಷಗಟ್ಟಲೆ ಹುಡುಕಿ ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದರು. ನಾವು ಇವತ್ತು ಶಾಲೆಯಲ್ಲಿ ಓದೋ ಸರ್ವಜ್ಞ ಅವರ ಬೆವರಿನ ಫಲ. 1949ರಲ್ಲಿ, ಪೊಲೀಸ್ ಕಾರ್ಯಾಚರಣೆ ಆಗಿ ಇನ್ನೂ ಒಂದು ವರ್ಷವೂ ತುಂಬದ ಹೊತ್ತಿನಲ್ಲಿ, ನಮ್ಮ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಗಾಯ ಹಸಿಯಾಗಿದ್ದ ಆ ಊರಿನಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತವರು ಈ ಕ್ರೈಸ್ತ ಪಾದ್ರಿ. ತ್ರಿಪದಿ ನಮ್ಮ ಹೆಣ್ಣುಮಕ್ಕಳ ಹಾಡಿನ ಮಟ್ಟು. ಅದನ್ನ ಕಲಿತು, ಕಾಪಾಡಿ, ನಮಗೇ ವಾಪಸ್ ಕೊಟ್ಟವರು ಅವರು.

ಎರಡನೇ ಕಹಿ ಇನ್ನೂ ಆಳದ್ದು. ಅದು ಹಲಗಿ.

ನಮ್ಮ ಭಾಗದ ಚರ್ಚಿಗೆ ಹೋಗೋ ಕುಟುಂಬಗಳಲ್ಲಿ ಬಹಳಷ್ಟು ದಲಿತರು, ಅದರಲ್ಲೂ ಮಾದಿಗ ಸಮುದಾಯದವರು. ಹಲಗಿ ಅವರ ವಾದ್ಯ. ಈಗ ಸಂಗೀತ, ಸಂಸ್ಕೃತಿ ಅಂತ ಓದಿದ ಕೆಲವರು ಹೇಳ್ತಾರೆ, ಚರ್ಚಿನ ಆರಾಧನೆ ನೆಲದ ಹಾಡಾಗಬೇಕು, ಪಿಯಾನೋ ಬಿಡಿ, ಹಲಗಿ ತನ್ನಿ ಅಂತ. ಕೇಳೋಕೆ ಎಷ್ಟು ಚೆಂದ. ನನಗೂ ಹಾಗೇ ಅನ್ನಿಸಿತ್ತು. ಒಂದು ಓಣಿಯಲ್ಲಿ ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರನ್ನ ಕೇಳಿದೆ, ಮುತ್ಯಾ, ಚರ್ಚಿನೊಳಗ ಹಲಗಿ ಯಾಕ ಬಾರಿಸಲ್ಲ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ತಮ್ಮಾ, ಹಲಗಿ ನಮಗ ಹೊಸಾದೇನಲ್ಲ. ನಮ್ಮಪ್ಪ ಬಾರಿಸ್ಯಾನ, ನಮ್ಮ ಮುತ್ಯಾ ಬಾರಿಸ್ಯಾನ. ಯಾರರ ಸತ್ತರ ಬಾರಿಸಬೇಕು. ಜಾತ್ರಿಗಿ ಬಾರಿಸಬೇಕು, ಗುಡಿ ಹೊರಗ ನಿಂತು. ಗೌಡ್ರು ಡಂಗುರ ಹೊಡಿ ಅಂದ್ರ ಹೊಡೀಬೇಕು. ಕೊಟ್ಟರ ಒಂದ್ ಸೇರು ಜ್ವಾಳ, ಇಲ್ಲಂದ್ರ ಅದೂ ಇಲ್ಲ. ಒಲ್ಲೆ ಅನ್ನಂಗಿಲ್ಲ. ಅದನ್ನ ಕೆಳಗ ಇಡಾಕಂತನೇ ನಮ್ಮ ಹಿರೇರು ಈ ಕಡಿ ಬಂದ್ರು. ಈಗ ಯಾರೋ ಬಂದು, ಅದು ನಿಮ್ಮ ಸಂಸ್ಕೃತಿ, ಒಳಗ ತರ್ರಿ ಅಂದ್ರ ನಾ ಏನ್ ಅನ್ಲಿ?"

ನಾನು ಏನೂ ಅನ್ನಲಿಲ್ಲ. ಏನು ಅನ್ನೋದು?

ಇದನ್ನ ಕೇಳಿದ ಮೇಲೆ ಆ ಇಂಗ್ಲಿಷ್ ಕೀರ್ತನೆಗಳ ಬಗ್ಗೆ ನನ್ನ ಕಿವಿ ಬದಲಾಯಿತು. ಪರದೇಶದ ರಾಗ ಅಂತ ನಾವು ಸುಲಭವಾಗಿ ಮೂಗು ಮುರೀತೀವಿ. ಆದರೆ ಊರಿನಲ್ಲಿ ಯಾರ ಬಿಟ್ಟಿ ಚಾಕರಿಯೂ ಅಂಟಿರದ ರಾಗ ಅದೊಂದೇ ಆಗಿತ್ತು. ಬಿಳಿ ಅಂಗಿ ಹಾಕ್ಕೊಂಡು, ಪುಸ್ತಕ ಕೈಯಲ್ಲಿ ಹಿಡ್ಕೊಂಡು, ಬೆಂಚಿನ ಮುಂದೆ ಎದ್ದು ನಿಂತು ಹಾಡೋದು. ಪುಸ್ತಕ ಮುಟ್ಟೋಕೆ ಬಿಡದ ಊರಿನಲ್ಲಿ ಪುಸ್ತಕ ನೋಡಿ ಹಾಡೋದು. ಮಾತ್ರೆ ತಪ್ಪಿ ಬಲ ಬಾಲ ಆದರೂ ಪರವಾಗಿಲ್ಲ ಅನ್ನಿಸಿರಬೇಕು ಅವರಿಗೆ. ಇದನ್ನ ಬರೀ ಪರದೇಶದ ಅನುಕರಣೆ ಅಂತ ಕರೆದರೆ ಅವರಿಗೆ ಅನ್ಯಾಯ.

ತಮಿಳುನಾಡಿನಲ್ಲಿ ಇದೇ ಪ್ರಶ್ನೆಯನ್ನ ಇನ್ನೊಂದು ತುದಿಯಿಂದ ಹಿಡಿದ ಒಬ್ಬರಿದ್ದರು. ಥಿಯೋಫಿಲಸ್ ಅಪ್ಪಾವು, 1940ರಿಂದ 2005. ಮದುರೆಯ ದೇವಶಾಸ್ತ್ರ ಕಾಲೇಜಿನಲ್ಲಿ ಪಾಠ ಹೇಳ್ತಾ ಇದ್ದರು, ಸ್ವತಃ ಹಾಡು ಕಟ್ಟೋರು. ಆ ಹೊತ್ತಿಗೆ ಚರ್ಚಿನವರು ಭಾರತೀಯ ಸಂಗೀತ ಅಂದರೆ ಕರ್ನಾಟಕ ಸಂಗೀತ ಅಂತ ತಿಳಿದಿದ್ದರು. ಅಪ್ಪಾವು ಕೇಳಿದರು, ಯಾರ ಭಾರತ ಅದು? ಸಭೆಯಲ್ಲಿ ಕೂತ ದಲಿತರಿಗೆ ಇಂಗ್ಲಿಷ್ ಕೀರ್ತನೆ ಎಷ್ಟು ದೂರವೋ ಮೇಲ್ಜಾತಿಯ ಸಂಗೀತವೂ ಅಷ್ಟೇ ದೂರ. ಅವರು ಹಳ್ಳಿಯ ಜನಪದ ಧಾಟಿಯಲ್ಲಿ, ಹಳ್ಳಿಯ ಆಡುಮಾತಿನಲ್ಲಿ, ಪೂರ್ತಿ ಆರಾಧನಾ ಕ್ರಮವನ್ನೇ ಬರೆದರು. ಪರೈ ಬಾರಿಸಿದರು. ಅವರ ಒಂದು ವಾದ ನನಗೆ ಬಹಳ ಹಿಡಿಸಿತು: ಜನಪದ ಹಾಡನ್ನ ಹಾಡೋನು ಬದಲಿಸಬಹುದು. ಒಂದು ಸಾಲು ಸೇರಿಸಬಹುದು, ಒಂದು ಸಾಲು ಬಿಡಬಹುದು. ಅಚ್ಚಾದ ಕೀರ್ತನೆಯಲ್ಲಿ ಆ ಅಧಿಕಾರ ನಿಮಗಿಲ್ಲ.

ಅಪ್ಪಾವು ಹೇಳಿದ್ದೂ ಸರಿ, ಕಟ್ಟೆ ಮೇಲಿನ ಮುತ್ಯಾ ಹೇಳಿದ್ದೂ ಸರಿ. ಇಬ್ಬರ ಮಾತನ್ನೂ ಒಂದೇ ಕೈಯಲ್ಲಿ ಹಿಡಿಯೋದು ಕಷ್ಟ. ಸ್ಟೀಫನ್ಸ್ ಕಥೆ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದು ಇಲ್ಲಿ ಬರುತ್ತೆ. ಹಲಗಿ ಒಳಗೆ ಬರಬೇಕೋ ಬೇಡವೋ ಅಂತ ಹೇಳೋ ಹಕ್ಕು ನನ್ನಂಥವನಿಗಿಲ್ಲ, ಓದಿ ಬಂದ ಪಂಡಿತರಿಗೂ ಇಲ್ಲ. ಬಾರಿಸಿದ ಕೈಗಳೇ ತೀರ್ಮಾನಿಸಬೇಕು. ಅವರು ಕೇಳಿದರೆ ಕೊಡೋದು, ಕರೆದರೆ ಹೋಗೋದು.

ಅದೇ ಓಣಿಯ ಇಬ್ಬರು ಹುಡುಗರ ಜೊತೆ ಆಮೇಲೆ ಚಹಾ ಕುಡಿದೆ. ಇಬ್ಬರೂ ಇಪ್ಪತ್ತರ ಆಚೀಚೆ. ಒಬ್ಬ ಕೀಬೋರ್ಡ್ ನುಡಿಸ್ತಾನೆ, ಮುತ್ಯಾನ ಕಡೆಯವನು. ಹಲಗಿ ಬೇಡವೇ ಬೇಡ ಅಂತಾನೆ. ಇನ್ನೊಬ್ಬ ಅಂಬೇಡ್ಕರ್ ಜಯಂತಿ ಮೆರವಣಿಗೆಯಲ್ಲಿ ಹಲಗಿ ಬಾರಿಸ್ತಾನೆ. ಅವನ ಮಾತು ಬೇರೆ: "ಅಣ್ಣಾ, ಆವಾಗ ಬಾರಿಸು ಅಂತ ಅವರು ಹೇಳಿದ್ದಕ್ಕ ಬಾರಿಸಿದ್ವಿ. ಈಗ ನನಗ ಬೇಕಾಗಿ ಬಾರಿಸ್ತೀನಿ. ಎರಡೂ ಒಂದೇ ಸಪ್ಪಳ ಏನು?" ಕೀಬೋರ್ಡಿನವನು ನಕ್ಕ. "ಮುತ್ಯಾನ ಕಿವಿಗಿ ಒಂದೇ ಸಪ್ಪಳ ಲೇ" ಅಂದ.

ಇಬ್ಬರೂ ಜಗಳ ಆಡಲಿಲ್ಲ, ರಾಜಿಯೂ ಆಗಲಿಲ್ಲ. ಕಳೆದ ಕ್ರಿಸ್ಮಸ್‌ನಲ್ಲಿ ಅವರು ಮಾಡಿಕೊಂಡ ವ್ಯವಸ್ಥೆ ಇದು: ಚರ್ಚಿನೊಳಗೆ ಕೀಬೋರ್ಡು, ಪೇಟಿ, ಡೋಲಕ್. ಊರೊಳಗಿನ ಮೆರವಣಿಗೆಯಲ್ಲಿ, ಮುತ್ಯಾನ ಮನೆ ದಾಟಿದ ಮೇಲೆ, ಹಲಗಿ. ಅವತ್ತು ಮೆರವಣಿಗೆ ನಮ್ಮ ಭಜನಾ ಕಟ್ಟೆ ಹತ್ತಿರ ನಿಂತಾಗ ನಮ್ಮ ಮಂಡಳಿಯ ಹಿರಿಯರೊಬ್ಬರು ಒಂದು ಪದ ಹೇಳ್ರೋ ಅಂದರು. ಅವರು ಹೇಳಿದರು. ಎರಡನೇ ಸಲ ಪಲ್ಲವಿ ಬಂದಾಗ ನಮ್ಮ ಕಡೆಯ ತಾಳವೂ ಸೇರಿತು. ಧಾಟಿ ಗೊತ್ತಿದ್ದದ್ದೇ ಆಗಿತ್ತಲ್ಲ. ಆಮೇಲೆ ಅವರು ನಮ್ಮವರನ್ನ ಒಂದು ತತ್ವಪದ ಕೇಳಿದರು. ಹಲಗಿ ಹುಡುಗ ಅದಕ್ಕೂ ಬಾರಿಸಿದ. ಆ ಕಟ್ಟೆ ಮುಂದೆ ಅವನ ಹಿರಿಯರು ಎಲ್ಲಿ ನಿಂತು ಬಾರಿಸ್ತಾ ಇದ್ದರು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತು. ಈ ಸಲ ಅವನಿಗೆ ಕೂರೋಕೆ ಜಾಗ ಬಿಟ್ಟಿದ್ದರು, ಪೇಟಿಯ ಪಕ್ಕ. ಕೂತ. ಕುಡಿಯೋಕೆ ಚಹಾ ಬಂತು, ಎಲ್ಲರಿಗೂ ಪೇಪರ್ ಕಪ್ಪು. ಪೇಪರ್ ಕಪ್ಪು ಬಂದ ಮೇಲೆ ಯಾರಿಗೆ ಯಾವ ಲೋಟ ಅನ್ನೋ ಪ್ರಶ್ನೆ ಎಷ್ಟು ಸುಲಭವಾಗಿ ಮರೆಗೆ ಸರಿಯುತ್ತೆ ನೋಡಿ. ಸ್ಟೀಲ್ ಲೋಟದಲ್ಲಿ ಕೊಟ್ಟಿದ್ದರೆ ಗೊತ್ತಾಗ್ತಿತ್ತು.

ನಿಮ್ಮ ಊರಿನಲ್ಲೂ ಹೀಗೆ ದೇವರು ಬೇರೆ, ಧಾಟಿ ಒಂದೇ ಇರೋ ಹಾಡುಗಳಿದ್ದರೆ ವಾಯ್ಸ್ ನೋಟ್ ಕಳಿಸಿ. ಕಳಿಸೋ ಮೊದಲು ಹಾಡಿದವರನ್ನ ಒಂದು ಮಾತು ಕೇಳಿ. ಯಾರ ಹತ್ತಿರ ಕಲಿತಿರಿ ಅಂತಾನೂ ಕೇಳಿ. ಸಿಗೋಣ.